ಎಕ್ಸ್‌ರೇ ಕವರಿನೊಳಗಿನ ಮೃತ್ಯುಪತ್ರ

ನಾನು ಒಂದು ಮೃತ್ಯುಪತ್ರ. ಬೆಂಗಳೂರಿನ ಕಡೆ ಉಯಿಲು ಅನ್ನುತ್ತಾರಂತೆ, ನಮ್ಮ ಗದಗಿನಲ್ಲಿ ಹೀಗೇ. ಓದುತ್ತಿರುವ ನೀವು ಯಾರೋ ನನಗೆ ಗೊತ್ತಿಲ್ಲ. ಕೈ ಒದ್ದೆಯಿದ್ದರೆ ಮೊದಲು ಒರೆಸಿಕೊಳ್ಳಿ, ಆಮೇಲೆ ಮುಟ್ಟಿ. ಮುಟ್ಟಿದವರೆಲ್ಲರ ಮೇಲೂ ನನಗೆ ಸಂಶಯ. ಸತ್ತವರ ಮಾತು ಹೊತ್ತುಕೊಂಡು ಬದುಕಿರುವವರ ಕೈಗೆ ಬೀಳುವ ಕಾಗದ ನಾನು. ಸಂಶಯಪಡದೆ ಇನ್ನೇನು ಮಾಡಲಿ, ಹೇಳಿ?

ನಾನು ಹುಟ್ಟಿದ್ದು ಕೋರ್ಟಿನ ಎದುರು ಬೇವಿನ ಮರದ ಕೆಳಗೆ, ಟೈಪಿಸ್ಟ್ ಗುರಣ್ಣನ ಮೇಜಿನ ಮೇಲೆ. ಒಂದೇ ಹಾಳೆ. ಮಗ್ಗುಲಲ್ಲಿ ಮಿರ್ಚಿ ಭಜಿಯ ಪೊಟ್ಟಣ ಇಟ್ಟುಕೊಂಡೇ ಅವನು ಟೈಪು ಮಾಡುತ್ತಿದ್ದ. ನನ್ನ ಅಂಚಿಗೆ ಎಣ್ಣೆ ಹತ್ತೀತೆಂದು ನಾನು ಅವನ ಬೆರಳುಗಳನ್ನೇ ಕಾಯುತ್ತಿದ್ದೆ.

ನನ್ನನ್ನು ಬರೆಸಿದವರು ಎಸ್ತೇರಮ್ಮ ಹೊಸಮನಿ. ಬೆಟಗೇರಿಯ ಕ್ರೈಸ್ತರ ಓಣಿಯವರು. ಆಸ್ಪತ್ರೆಯಲ್ಲಿ ಮೂವತ್ತೈದು ವರ್ಷ ನರ್ಸ್ ಆಗಿದ್ದು ನಿವೃತ್ತರಾದವರು. ಮದುವೆ ಮಾಡಿಕೊಂಡಿರಲಿಲ್ಲ. ಅಪ್ಪ, ಅವ್ವ, ಒಬ್ಬನೇ ಅಣ್ಣ, ಎಲ್ಲರೂ ತೀರಿಹೋಗಿದ್ದರು. ಉಳಿದವನು ಅಣ್ಣನ ಮಗ ಜಯಶೀಲ. ಆದರೆ ಜೊತೆಗಿದ್ದವಳು ಕರುಣಾ. ಅದೇ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು, ಗಂಡ ಸತ್ತ ಮೇಲೆ ಇವರ ಮನೆಗೆ ಬಂದು ಇಪ್ಪತ್ತು ವರ್ಷ ಇವರ ಊಟ, ಬಟ್ಟೆ, ಔಷಧಿ ನೋಡಿಕೊಂಡವಳು. ಆ ಎರಡು ಕೋಣೆಯ ಮನೆ ಬಿಟ್ಟರೆ ಅವಳಿಗೆ ತಲೆ ಇಡಲು ಬೇರೆ ಜಾಗವಿರಲಿಲ್ಲ. ಅದಕ್ಕೇ ನನ್ನ ಮೈಮೇಲೆ ಬರೆಸಿದ್ದು ಇಷ್ಟೇ: ನನ್ನ ನಂತರ ನನ್ನ ಮನೆ ಕರುಣಾಳಿಗೆ ಸೇರತಕ್ಕದ್ದು.

"ಸಾಕ್ಷಿಗೆ ಇಬ್ಬರು ಬೇಕ್ರಿ ಸಿಸ್ಟರ," ಎಂದ ಗುರಣ್ಣ. "ಒಬ್ಬಾಂವ ನಾನ ಹಾಕ್ತೀನಿ. ಇನ್ನೊಬ್ರು?"

"ಇನ್ನೊಬ್ರನ್ನ ಎಲ್ಲಿ ಹುಡುಕ್ಲಿ? ಇಪ್ಪತ್ತು ವರ್ಷ ನನ್ನ ಕಂಡಾಕಿ ಇಲ್ಲೇ ಕುಂತಾಳ. ಇಕಿಗಿಂತ ದೊಡ್ಡ ಸಾಕ್ಷಿ ಯಾರದಾರ?"

ಎಸ್ತೇರಮ್ಮನ ಚರ್ಚಿನ ಸಭೆಯಲ್ಲಿ ಭಾನುವಾರ ಎದ್ದು ನಿಂತು, ದೇವರು ತನಗೆ ಮಾಡಿದ ಉಪಕಾರ ಹೇಳುವುದಕ್ಕೆ 'ಸಾಕ್ಷಿ' ಅನ್ನುತ್ತಾರೆ. ಹತ್ತಿರದಿಂದ ಕಂಡವರು ಮಾತ್ರ ಹೇಳಬಹುದಾದ ಮಾತು ಅದು. ಕೋರ್ಟಿನ ಸಾಕ್ಷಿಯೂ ಅದೇ ಎಂದುಕೊಂಡರು ಪಾಪ. ಗುರಣ್ಣನೂ ತಲೆಯಾಡಿಸಿದ. "ಅಗದೀ ಬರೋಬ್ಬರಿ. ನಮ್ಮ ಮಂದೀವು ಎಷ್ಟೋ ಹಿಂಗ ಮಾಡೀನಿ, ಒಂದೂ ತಕರಾರ ಬಂದಿಲ್ಲ." ಕರುಣಾ ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದಳು. ನಾನು ಇನ್ನೂ ಆ ಭಜಿಯ ಕಡೆಗೇ ನೋಡುತ್ತಿದ್ದೆ.

ಮನೆಗೆ ಬಂದ ಮೇಲೆ ಎಸ್ತೇರಮ್ಮ ನನ್ನನ್ನು ತಮ್ಮ ಮೊಣಕಾಲಿನ ಎಕ್ಸ್‌ರೇ ಇದ್ದ ದೊಡ್ಡ ಕವರಿನೊಳಗೆ ಹಾಕಿ ಗಾದಿಯ ಕೆಳಗೆ ಇಟ್ಟರು. ಕಳ್ಳರು ಬಂದರೂ ಮುದುಕಿಯ ಮೊಣಕಾಲು ಯಾರು ಒಯ್ಯುತ್ತಾರೆ ಎಂಬುದು ಅವರ ಲೆಕ್ಕಾಚಾರ. ದಿನಾ ಗಾದಿ ಎತ್ತಿ ಕಸ ಗುಡಿಸುವ ಕರುಣಾಳ ಮೇಲೆ ನನಗೆ ಒಂದು ಕಣ್ಣಿತ್ತು. ಅವಳು ಒಮ್ಮೆಯೂ ಕವರು ಬಿಚ್ಚಲಿಲ್ಲ. ಅದೇಕೆ ಬಿಚ್ಚಲಿಲ್ಲ ಎಂದೂ ನನಗೆ ಸಂಶಯ ಬಂತು.

ಒಂದು ದಿನ ಜಯಶೀಲ ಬಂದ. ಅವನು ಹುಬ್ಬಳ್ಳಿಯಲ್ಲಿ ಒಬ್ಬ ವಕೀಲರ ಬಳಿ ಗುಮಾಸ್ತ, ಫೈಲು ಹೊಲಿಯುವುದು, ತಾರೀಖು ಬರೆದಿಡುವುದು ಅವನ ಕೆಲಸ. ಅತ್ತೆಯ ಮೊಣಕಾಲನ್ನು ದೊಡ್ಡ ಡಾಕ್ಟರಿಗೆ ತೋರಿಸುತ್ತೇನೆಂದು ಕವರು ತೆಗೆದುಕೊಂಡು ಬಸ್ಸು ಹತ್ತಿದ. ಒಳಗೆ ನಾನಿದ್ದದ್ದು ಎಸ್ತೇರಮ್ಮನಿಗೆ ಮರೆತೇ ಹೋಗಿತ್ತು. ಅಯ್ಯೋ, ನನ್ನ ಗತಿ ಮುಗಿಯಿತು ಎಂದುಕೊಂಡೆ. ಡಾಕ್ಟರ ಬಾಗಿಲಲ್ಲಿ ಬೆಂಚಿನ ಮೇಲೆ ಕೂತು ಎಕ್ಸ್‌ರೇ ಎಳೆದಾಗ ನಾನೂ ಹೊರಬಿದ್ದೆ. ಓದಿದ. ಇನ್ನೊಮ್ಮೆ ಓದಿದ. ಕೆಳಗಿನ ಸಹಿಯ ಮೇಲೆ ಬೆರಳಿಟ್ಟ. ಈಗ ಹರಿಯುತ್ತಾನೆ, ಈಗ ಹರಿಯುತ್ತಾನೆ ಎಂದು ನಾನು ಕಾಯ್ದದ್ದೇ ಕಾಯ್ದದ್ದು. ಅವನು ಮಡಿಕೆ ಸರಿಮಾಡಿ ನನ್ನನ್ನು ಒಳಗಿಟ್ಟ.

ಮರುದಿನ ಕವರು ತಂದುಕೊಟ್ಟವನೇ ಹೇಳಿದ. "ಅತ್ತಿ, ಸಿಟ್ಟಾಗಬ್ಯಾಡ. ಇದು ನನ್ನ ಕಣ್ಣಿಗೆ ಬಿತ್ತು. ಮನಿ ಯಾರಿಗೆ ಕೊಡ್ತೀವೋ ಅವರ ಸಾಕ್ಷಿ ಹಾಕಬಾರದು. ನಮ್ಮ ಕ್ರೈಸ್ತರ ಕಾಯ್ದೇದಾಗ ಹಂಗ ಹಾಕಿದ್ರ ಅವರಿಗೆ ಕೊಟ್ಟದ್ದು ಬಿದ್ದುಹೋಗತೈತಿ. ಹೊಸಾದೊಂದು ಮಾಡಸೂಣು. ಬ್ಯಾರೆ ಇಬ್ಬರ ಸಾಕ್ಷಿ ಸಾಕು."

ಎಸ್ತೇರಮ್ಮನ ಮುಖ ಕೆಂಪಾಯಿತು. "ನನ್ನ ಕಾಗದ ಓದಾಕ ನಿನಗ ಯಾರು ಹೇಳಿದ್ರು? ಇದರಾಗಿಂದ ಕರುಣಾನ ಹೆಸರ ತಗಸ್ಬೇಕಂತಿ. ಆಕೀ ಹೆಸರ ಹೋದ್ರ ಮನಿ ಯಾರಿಗೆ ಬರತೈತಿ ಅನ್ನೂದು ನನಗ ತಿಳಿಯೂದಿಲ್ಲೇನು?"

"ಆಕಿಗೆ ಸಿಗಲಿ ಅಂತನ ಹೇಳಾಕತ್ತೀನಿ, ಅತ್ತಿ."

"ನಡಿ ಹೊರಗ!"

ಅವನು ಹೋದ. ಎಸ್ತೇರಮ್ಮ ನನ್ನನ್ನು ಹೊರತೆಗೆದು, ಸಹಿಗಳ ಕೆಳಗೆ ತಮ್ಮ ದುಂಡು ಅಕ್ಷರದಲ್ಲಿ ಬರೆದರು: 'ನನ್ನ ಅಣ್ಣನ ಮಗ ಜಯಶೀಲನಿಗೆ ಈ ಮನೆಯ ಮೇಲೆ ಆಸೆಯಿದೆ. ಅವನ ಮಾತನ್ನು ಯಾರೂ ನಂಬಬಾರದು.' ನನಗಂತೂ ಖುಷಿಯೋ ಖುಷಿ. ಕೊನೆಗೂ ನನ್ನ ಮನಸ್ಸಿನ ಮಾತು ನನ್ನ ಮೈಮೇಲೆ ಬಂತು ಎಂದು ಹಿಗ್ಗಿದೆ.

ನಾಲ್ಕು ವರ್ಷ ಕಳೆಯಿತು. ಅವನು ಆ ಓಣಿಗೆ ಕಾಲಿಡಲಿಲ್ಲ. ಕರುಣಾ ಒಮ್ಮೆ ಅಳುಕುತ್ತ ಬಾಯಿ ಬಿಟ್ಟಳು. "ಸಿಸ್ಟರ, ಆ ಸಹೀದು ಬ್ಯಾರೆ ಯಾರನ್ನರ ಕೇಳಿ ನೋಡೂಣೇನ್ರಿ?" ಎಸ್ತೇರಮ್ಮ ಅವಳನ್ನೇ ದಿಟ್ಟಿಸಿದರು. "ಯಾಕ, ನಿನಗೂ ಅವಸರ ಆಗೇತೇನು?" ಅಲ್ಲಿಗೆ ಕರುಣಾಳ ಬಾಯಿ ಮುಚ್ಚಿತು. ತನಗೆ ಬರುವ ಮನೆಯ ಮಾತನ್ನು ತಾನೇ ಎರಡನೆಯ ಸಲ ಎತ್ತುವುದು ಹೇಗೆ?

ಎಸ್ತೇರಮ್ಮ ಒಂದು ಬೇಸಿಗೆಯಲ್ಲಿ ತೀರಿಕೊಂಡರು. ಕರುಣಾ ನನ್ನನ್ನು ಎಕ್ಸ್‌ರೇ ಕವರಿನ ಸಮೇತ ವಕೀಲೆ ಸರೋಜಾ ಮುಳಗುಂದ ಅವರ ಮೇಜಿನ ಮೇಲಿಟ್ಟಳು. ಅವರು ಓದಿ ಕನ್ನಡಕ ತೆಗೆದರು.

"ಇದನ್ನ ಯಾರು ಬರದಾರವ್ವ? ಹಿಂದೂ ಮಂದೀದಾಗಿದ್ರ ಈ ಸಹಿಯಿಂದ ಮನಿ ಹೋಗ್ತಿರಲಿಲ್ಲ. ನಿಮ್ಮ ಕಾಯ್ದೆ ಬ್ಯಾರೆ. ನಿನ್ನ ಸಹೀನ ನಿನ್ನ ಮನಿ ತಗೊಂಡೈತಿ."

ಕೇಳಿ ನಾನು ತಣ್ಣಗಾದೆ. ಗುರಣ್ಣನ ಎಣ್ಣೆ ಕೈ, ಕರುಣಾಳ ಕಸಬರಿಗೆ, ಜಯಶೀಲನ ಬೆರಳು ಎಲ್ಲವನ್ನೂ ಕಾದಿದ್ದೆ. ನನ್ನ ಮೈಮೇಲೇ ಇದ್ದ ಸಹಿಯ ಮೇಲೆ ಒಂದು ದಿನವೂ ಸಂಶಯಪಡಲಿಲ್ಲ.

ಆದರೂ ವಕೀಲೆ ಕೋರ್ಟಿಗೆ ಅರ್ಜಿ ಹಾಕಿದರು. ಹತ್ತಿರದ ರಕ್ತಸಂಬಂಧಿ ಎಂದು ಜಯಶೀಲನಿಗೆ ನೋಟಿಸು ಹೋಯಿತು. ಅವನು ಬಂದ, ತಕರಾರಿಲ್ಲ ಎಂದ. ಒಪ್ಪಿದರೂ ಕಾಯ್ದೆ ಬದಲಾಗುವುದಿಲ್ಲವಲ್ಲ. ಕಾಗದ ಖರೆ, ಎಸ್ತೇರಮ್ಮನ ಸಹಿ ಖರೆ, ಆದರೆ ಸಾಕ್ಷಿ ಹಾಕಿದವಳಿಗೆ ಕೊಟ್ಟದ್ದು ನಿಲ್ಲುವುದಿಲ್ಲ, ಮನೆ ಅಣ್ಣನ ಮಗನಿಗೆ ಸೇರುತ್ತದೆ ಎಂದು ನ್ಯಾಯಾಧೀಶರು ಹೇಳಿದರು.

ಶಿರಸ್ತೇದಾರರು ನನ್ನನ್ನು ಫೈಲಿಗೆ ಸೇರಿಸುತ್ತಿದ್ದ ಮೇಜಿನ ಮುಂದೆಯೇ ಕರುಣಾ ಚೀಲದಿಂದ ಕೀಲಿಕೈ ತೆಗೆದು ಜಯಶೀಲನ ಮುಂದೆ ಹಿಡಿದಳು. "ತಗೋರಿ. ವಾರದೊಳಗ ಖಾಲಿ ಮಾಡ್ತೀನಿ."

"ಎಲ್ಲಿಗೆ ಹೊಕ್ಕೀರಿ?"

ಅವಳು ಕೀಲಿಕೈಯನ್ನು ಮೇಜಿನ ಮೇಲಿಟ್ಟಳು.

"ಇಟಗೋರಿ ಅದನ್ನ. ಸೋಮವಾರ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಬರ್ರಿ, ನಿಮ್ಮ ಹೆಸರಿಗೆ ದಾನಪತ್ರ ಮಾಡಿಕೊಡ್ತೀನಿ. ಈ ಸಲ ಸಾಕ್ಷಿ ಬ್ಯಾರೆಯವರು ಹಾಕ್ಲಿ, ನೀವು ಮಾತ್ರ ಹಾಕಬ್ಯಾಡ್ರಿ."

ಕರುಣಾ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಜಯಶೀಲ ಶಿರಸ್ತೇದಾರರನ್ನು ಕೇಳಿ ನನ್ನ ಮೇಲೆ ಬಗ್ಗಿದ, ಅತ್ತೆ ಕೈಯಿಂದ ಬರೆದ ಆ ಸಾಲನ್ನು ಓದಿದ. ಅವನು ಅದನ್ನು ನೋಡಿದ್ದು ಅವತ್ತೇ ಮೊದಲು.

"ಈ ಸಾಲು ತಗೀಲಿಕ್ಕೆ ಬರತೈತೇನ್ರಿ?" ಎಂದು ಅಲ್ಲೇ ನಿಂತಿದ್ದ ವಕೀಲೆಯನ್ನು ಕೇಳಿದ.

"ಅದಕ್ಕ ಸಾಕ್ಷಿ ಇಲ್ಲ, ಕಾಯ್ದೇದಾಗ ಕಿಮ್ಮತ್ತಿಲ್ಲ. ಆದ್ರ ಕೋರ್ಟಿನ ದಫ್ತರಕ್ಕ ಬಂದ ಕಾಗದದಾಗಿಂದ ಒಂದಕ್ಷರ ಅಳಸಾಕ ಬರೂದಿಲ್ರಿ."

"ಇರಲಿ ಬಿಡ್ರಿ," ಎಂದ. ಆ ಸಾಲನ್ನು ಇನ್ನೊಮ್ಮೆ ಓದಿ, "ಅತ್ತೀ ಅಕ್ಷರ ಭಾಳ ಚೆಂದ ಇದ್ವು," ಎಂದು ಹೊರಟುಹೋದ.

ಈಗ ನಾನು ದಫ್ತರದ ಕೋಣೆಯಲ್ಲಿ, ಕಬ್ಬಿಣದ ರ್ಯಾಕಿನ ಮೂರನೆಯ ಸಾಲಿನಲ್ಲಿದ್ದೇನೆ. ಕೆಂಪು ಬಟ್ಟೆಯಲ್ಲಿ ಕಟ್ಟಿದ್ದಾರೆ. ಅಂಚು ಹಳದಿಯಾಗಿದೆ. ಜಿರಳೆಗಳ ಮೇಲೆ ಸಂಶಯ ಇನ್ನೂ ಹೋಗಿಲ್ಲ, ಆದರೆ ಮನುಷ್ಯರ ಮೇಲೆ ಸಂಶಯಪಡಲು ಮೊದಲಿನ ಧೈರ್ಯ ಸಾಲದು. ಕರುಣಾಳಿಗೆ ಮನೆ ಕೊಡಲೆಂದೇ ಹುಟ್ಟಿದ ನನ್ನಿಂದ ಅದು ಆಗಲಿಲ್ಲ. ಕೊಟ್ಟವನು ಜಯಶೀಲ. ಅವನ ಮಾತನ್ನು ಯಾರೂ ನಂಬಬಾರದು ಎಂದು, ಬಿಚ್ಚಿ ಓದಿದವರಿಗೆಲ್ಲ ನಾನು ಇವತ್ತಿಗೂ ಹೇಳುತ್ತಲೇ ಇದ್ದೇನೆ.