ಗಂಡನ ಹೆಬ್ಬೆಟ್ಟು

ಗಂಡನ ಹೆಬ್ಬೆಟ್ಟು ಇಲ್ಲವೆಂದು ಸರ್ಕಾರಿ ದವಾಖಾನೆಯ ಡಾಕ್ಟರು ಬಸಿರು ತೆಗೆಸಲು ಹೋದ ಗಾಳೆಮ್ಮನನ್ನು ಎರಡು ಸಲ ವಾಪಸ್ ಕಳಿಸಿದರು. ಮೂರನೇ ಸಲ ಆಕೆ ಅಲ್ಲಿಗೆ ಹೋಗಲಿಲ್ಲ. ಕಾಲುವೆಯಾಚೆಯ ಮುದುಕಿಯ ಹತ್ತಿರ ಕಡ್ಡಿ ಹಾಕಿಸಿಕೊಂಡು ಬಂದಳು. ಐದನೇ ದಿನ ಸತ್ತಳು.

ಮುಕ್ಕುಂದ ಊರಿನ ಮನೆಯ ಹಿತ್ತಲಲ್ಲಿ ಸೀರೆ ಅಡ್ಡ ಕಟ್ಟಿ ಕರೆಮ್ಮ ಆಕೆಯ ಮೈ ತೊಳೆಯುತ್ತಿದ್ದಳು. ಇಬ್ಬರೂ ನೆಗೆಣ್ಣಿಯರು. ಕರೆಮ್ಮ ಗಾಳೆಮ್ಮನ ಗಂಡ ಮಾನಪ್ಪನ ಹಿರಿಯಣ್ಣನ ಹೆಂಡತಿ, ಮಕ್ಕಳಿಲ್ಲ. ಗಾಳೆಮ್ಮನಿಗೆ ನಾಲ್ಕು. ಆ ನಾಲ್ಕು ಬಸಿರಿನ ಕುಬಸದಲ್ಲೂ ಹಸಿರು ಬಳೆ ಇಡಿಸುವಾಗ ಕರೆಮ್ಮನನ್ನು ಒಲೆಯ ಮುಂದೆ ಕೂಡಿಸಿದ್ದರು, ಬಂಜೆ ಕೈ ತಾಗಬಾರದೆಂದು. ಇವತ್ತು ಹೆಣಕ್ಕೆ ಬಳೆ ತೊಡಿಸಲು ಆಕೆಯನ್ನೇ ಕರೆದಿದ್ದರು.

ಮೂರು ಕೊಡ ನೀರಿಗೂ ತೊಡೆಯ ರಕ್ತ ಹೋಗಲಿಲ್ಲ. ಆಚೆ ಹೆಂಗಸರು ಮುತ್ತೈದೆಯಾಗಿ ಹೋದಳು, ಪುಣ್ಯವಂತೆ ಎಂದು ಹಾಡಿಕೊಂಡು ಅಳುತ್ತಿದ್ದರು. ನಾಲ್ಕೂ ಮಕ್ಕಳು ಗೋಡೆಗೆ ಆತು ನಿಂತಿದ್ದವು. ನಾ ಸತ್ತರೆ ಯಾರು ಹೀಗೆ ನಿಲ್ಲುತ್ತಾರೆ ಅನ್ನಿಸಿ ಕರೆಮ್ಮನಿಗೆ ಹೆಣದ ಮೇಲೂ ಹೊಟ್ಟೆ ಉರಿಯಿತು.

*

ತಿಂಗಳ ಹಿಂದೆ ಗಾಳೆಮ್ಮ ದವಾಖಾನೆಯ ಮಡಚಿದ ಅರ್ಜಿಯೊಂದನ್ನು ಕರೆಮ್ಮನ ಕೈಗಿಟ್ಟಿದ್ದಳು.

“ಐದನೇದು ಬ್ಯಾಡಕ್ಕ. ನಾಕನೇದಕ್ಕ ಸತ್ತು ಬದುಕೀನಿ. ನೀ ತವರಿಗೆ ಹೋಗೋ ದಾರ್‍ಯಾಗ ಹಟ್ಟಿಗೆ ಇಳದು ಇವರ ಹೆಬ್ಬೆಟ್ಟು ಒತ್ತಿಸ್ಕೊಂಡು ಬಾ.”

ಹಟ್ಟಿ ಗಣಿಯಲ್ಲಿ ಪಾಳಿ ಮುಗಿಸಿ ಬಂದ ಮಾನಪ್ಪ ಅತ್ತಿಗೆಗೆ ಚಹಾ ಕಾಸಿಕೊಟ್ಟ. ಅರ್ಜಿ ರೊಟ್ಟಿ ಕಟ್ಟಿದ ಅರಿವೆಯ ಮಡಿಕೆಯಲ್ಲಿತ್ತು. ತನಗೆ ಹದಿನಾಲ್ಕು ವರ್ಷ ಬೇಡಿದರೂ ಸಿಗದ್ದು, ಈಕೆಗೆ ಬೇಡವಂತೆ! ಕರೆಮ್ಮ ರೊಟ್ಟಿ ಬಿಚ್ಚಿಕೊಟ್ಟಳು, ಅರ್ಜಿ ತೆಗೆಯಲಿಲ್ಲ. ಊರಿಗೆ ಬಂದು, ಒಲ್ಲೆ ಅಂದ ಅಂತ ಹೇಳಿದಳು. ಗಾಳೆಮ್ಮ ಜೋಳ ಹಸನು ಮಾಡುತ್ತ ಕೂತಳು.

*

ಹೆಣ ಅಂಗಳಕ್ಕೆ ಬಂದಾಗ ನರ್ಸು ದಾವಲ್‌ಬೀ ಸಾವಿನ ಕಾಗದ ಹಿಡಿದು ಕೂತಿದ್ದಳು. ಕರೆಮ್ಮ ಹತ್ತಿರ ಸರಿದು, ಗಂಡ ಹೆಬ್ಬೆಟ್ಟು ಒತ್ತಿದ್ದರೆ ಉಳಿಯುತ್ತಿದ್ದಳೇನು ಎಂದು ಕೇಳಿದಳು.

“ಗಂಡಂದು ಯಾಕ ಬೇಕವ್ವ?” ದಾವಲ್‌ಬೀ ದನಿ ತಗ್ಗಿಸಿದಳು. “ಕಾಯ್ದೆದಾಗ ಆಕಿ ಒಬ್ಬಾಕಿ ಹೂಂ ಅಂದ್ರ ಸಾಕು. ಎಪ್ಪತ್ತೊಂದರಾಗ ಕಾಯ್ದೆ ಬಂದು ಹದಿನೈದು ವರ್ಷ ಆತು. ಡಾಕ್ಟರ್ರು ತಮ್ಮ ಕಾಯ್ದೆ ತಾವ ಮಾಡ್ಕೊಂಡಾರ.”

“ಮತ್ತ ನೀ ಹೇಳ್ಲಿಲ್ಲ?”

“ನಂದೂ ನೌಕರಿ ಐತವ್ವ.”

ಊರಗೌಡ ವಿರೂಪಾಕ್ಷಪ್ಪ ಬಂದು ಕಾಗದದ ಮೇಲೆ ವಾಂತಿಭೇದಿ ಅಂತ ಬರೆಸಿದ. ಪೊಲೀಸರು ಬಂದರೆ ಮನೆಯ ಮಾನ ಹೋಗುತ್ತದೆ, ಹೂಳುವುದೂ ತಡವಾಗುತ್ತದೆ ಎಂದ. ಹಟ್ಟಿಯಿಂದ ಬಂದಿದ್ದ ಮಾನಪ್ಪ ಹೆಣದ ಕಾಲ ಬಳಿ ಕೂತಿದ್ದ.

“ಮೈ ತೊಳದಾಕಿ ನೀನ. ಸಾಕ್ಷಿಗೆ ನಿಂದೊಂದು ಹೆಬ್ಬೆಟ್ಟು ಸಾಕು. ಒತ್ತು ಬೇ,” ಗೌಡ ಕರೆಮ್ಮನಿಗೆ ಹೇಳಿದ.

ಮಸಿಯ ಡಬ್ಬಿ ಮುಂದೆ ಬಂತು. ಕರೆಮ್ಮ ಎದ್ದು ಒಳಗೆ ಹೋದಳು. ಜೋಳದ ಗಡಿಗೆಯಲ್ಲಿ ತಾನು ಹುದುಗಿಸಿದ್ದ ಅರ್ಜಿ ತಂದು ಮಾನಪ್ಪನ ಮುಂದೆ ಹಾಸಿದಳು.

“ಇದನ್ನ ನಿನಗ ಕೊಡಂತ ಕಳಿಸಿದ್ಳು. ನಾ ಕೊಡ್ಲಿಲ್ಲ. ನೀ ಒಲ್ಲೆ ಅಂದಿ ಅಂತ ಸುಳ್ಳು ಹೇಳೀನಿ.”

ಹೆಂಗಸರ ಹಾಡು ನಿಂತಿತು. ಮಾನಪ್ಪ ಅರ್ಜಿಯಲ್ಲಿ ತನ್ನ ಹೆಬ್ಬೆಟ್ಟಿಗೆ ಬಿಟ್ಟ ಖಾಲಿ ಜಾಗವನ್ನೇ ನೋಡುತ್ತಿದ್ದ.

“ಅದೆಲ್ಲ ಆಮ್ಯಾಲ,” ಗೌಡ ಆಕೆಯ ಕೈಗೆ ಕೈ ಹಾಕಿದ. “ಮೊದಲು ಇಲ್ಲಿ ಒತ್ತು.”

“ಒತ್ತೂದಿಲ್ರಿ.”

ಹೆಣಕ್ಕೆ ಹಚ್ಚಿದ್ದ ಅರಿಷಿಣ ಮೆತ್ತಿದ ಹೆಬ್ಬೆಟ್ಟನ್ನು ಕರೆಮ್ಮ ಒಳಗೆ ಮಡಚಿ ಮುಷ್ಟಿ ಬಿಗಿದಳು.