ವಿಶ್ವನಾಥಪ್ಪನವರ ದನಿ ಬೂಟ್ ಆಗುತ್ತಿಲ್ಲ

ಎಲ್ಲಿಂದ ಶುರು ಮಾಡಲಿ? ಕಪ್ಪು ಪರದೆಯಿಂದ ಶುರು ಮಾಡಿದರೆ ಓದುಗರಾದ ನೀವು ಕರೆಂಟು ಹೋಯಿತೆಂದು ಎದ್ದುಹೋದೀರಿ. ಗಂಟಲಿನ ಆಪರೇಶನ್ನಿನಿಂದ ಶುರು ಮಾಡಿದರೆ ಅಳುಮುಂಜಿ ಕಥೆಯೆಂದು ಪುಟ ತಿರುವೀರಿ. ಎರಡನ್ನೂ ಬರೆದು ನೋಡಿ ಹರಿದುಹಾಕಿದೆ. (ಹರಿದೆ ಅನ್ನುವುದು ಬರೀ ಅಲಂಕಾರ. ಡಿಲೀಟ್ ಒತ್ತಿದೆ.)

ನೇರವಾಗಿ ಹೇಳಿಬಿಡುತ್ತೇನೆ.

೧

ವಿಶ್ವನಾಥಪ್ಪ ಬೀದರ ಜಿಲ್ಲೆಯ ಭಾಲ್ಕಿ ಕಡೆಯವರು. ನಾಸಿಕ್ ರೋಡಿನ ನೋಟು ಅಚ್ಚುಹಾಕುವ ಪ್ರೆಸ್ಸಿನಲ್ಲಿ ದುಡಿದು ನಿವೃತ್ತರಾದವರು, ನಾಸಿಕ್‌ನ ನಮ್ಮ ಕನ್ನಡ ನಾಟಕ ತಂಡದ ಹಿರಿಯ ನಟ. ಮೈಕ್ ಇಲ್ಲದೆಯೇ ಕೊನೆಯ ಸಾಲಿನವರನ್ನು ಬೆಚ್ಚಿಬೀಳಿಸುವ ದನಿ ಅವರದು. ಆ ದನಿಪೆಟ್ಟಿಗೆಗೇ ಕ್ಯಾನ್ಸರ್ ಬಂತು. ತೆಗೆಯಲೇಬೇಕು ಅಂದರು ಡಾಕ್ಟರು.

ಆಸ್ಪತ್ರೆ ಸೇರುವ ಮುಂಚೆ ಅವರು ಬಸ್ಸು ಹತ್ತಿ ಛತ್ರಪತಿ ಸಂಭಾಜಿನಗರಕ್ಕೆ (ಹಳೇ ಔರಂಗಾಬಾದ್), ತಂಗಿಯ ಮಗಳು ಅಶ್ವಿನಿಯ ಮನೆಗೆ ಹೋದರು. ಆಕೆ ಜಾಹೀರಾತುಗಳಿಗೆ ಧ್ವನಿಮುದ್ರಣ ಮಾಡುವವಳು. ಒಂದು ಕೋಣೆಯ ಗೋಡೆಗಳಿಗೆ ಹಳೇ ರಜಾಯಿ ಹೊದಿಸಿ ಸ್ಟುಡಿಯೊ ಮಾಡಿಕೊಂಡಿದ್ದಾಳೆ. ಅಲ್ಲಿ ಕೂತು ವಿಶ್ವನಾಥಪ್ಪ ನಮ್ಮ ಹೊಸ ನಾಟಕದ ತಮ್ಮ ಮಾತುಗಳನ್ನೆಲ್ಲ ರೆಕಾರ್ಡ್ ಮಾಡಿದರು. ಗುಣವಾದ ಮೇಲೆ ರಂಗದಲ್ಲಿ ಅವರು ತುಟಿ ಆಡಿಸುವುದು, ಸ್ಪೀಕರಿನಿಂದ ಅವರದೇ ದನಿ ಬರುವುದು ಎಂಬುದು ಯೋಜನೆ. (ನಾಟಕ ಬರೆದವನು ನಾನೇ. ಆದ್ದರಿಂದ ಈ ಕಥೆಯಲ್ಲಿ ನನ್ನನ್ನು ಪೂರ್ತಿ ನಂಬಬೇಡಿ.)

ಗುಣವಾದರು. ನಾಸಿಕ್‌ನಲ್ಲಿ ಭಾನುವಾರ ಸಂಜೆಗೆ ಪ್ರದರ್ಶನ ಗೊತ್ತಾಯಿತು. ಶನಿವಾರ ಬೆಳಿಗ್ಗೆ ಅಶ್ವಿನಿಯ ಕಂಪ್ಯೂಟರ್ ಏಳಲಿಲ್ಲ.

೨

ಕಪ್ಪು ಪರದೆ, ಅದರ ಮೇಲೆ ಬಿಳಿ ಅಕ್ಷರಗಳು: ಬೂಟ್ ಮಾಡಲು ಡಿವೈಸ್ ಸಿಗುತ್ತಿಲ್ಲ. ಬ್ಯಾಕಪ್ ಇದೆಯಲ್ಲ ಎಂದು ಪೆನ್‌ಡ್ರೈವ್ ತೆಗೆದು ಲ್ಯಾಪ್‌ಟಾಪಿಗೆ ಸಿಕ್ಕಿಸಿ ನೋಡಿದರೆ, ಅದರಲ್ಲಿದ್ದವು ಫೈಲುಗಳಲ್ಲ, ಬರೀ ಶಾರ್ಟ್‌ಕಟ್‌ಗಳು. ಮನೆಯಿಲ್ಲದ ಮನೆಯ ವಿಳಾಸಗಳು.

ಅಶ್ವಿನಿ ನನಗೆ ಫೋನ್ ಮಾಡಿದಳು. "ಕಾಕಾ, ಮಾಮಾನ ದನಿ ಡಿಸ್ಕಿನೊಳಗ ಸಿಕ್ಕೊಂಡದ. ಅವರಿಗೆ ಹೇಳಬ್ಯಾಡ್ರಿ."

"ಹೇಳಲ್ಲವ್ವಾ," ಅಂದೆ. ಫೋನ್ ಇಟ್ಟು ಅವರಿಗೇ ವಾಟ್ಸ್ಆ್ಯಪ್ ಮಾಡಿದೆ. (ಹೇಳಿದೆನಲ್ಲ, ನಂಬಬೇಡಿ ಅಂತ.)

ವಿಶ್ವನಾಥಪ್ಪ ಈಗ ಮಾತಾಡುವುದೆಲ್ಲ ಟೈಪು ಮಾಡಿಯೇ. ಉತ್ತರ ತಕ್ಷಣ ಬಂತು: "ಆಕಿ ತಗೀತಾಳ. ನೀ ಸುಮ್ನ ಕೂಡು."

೩

ಇಲ್ಲಿ ಒಂದು ಕರಡಿನಲ್ಲಿ ನಾನು ಅಶ್ವಿನಿ ಅತ್ತಳೆಂದು ಬರೆದಿದ್ದೆ. ಆಕೆ ಓದಿ ಸಿಟ್ಟಾದಳು. "ಅಳಲಿಕ್ಕೆ ಟೈಮ್ ಎಲ್ಲಿತ್ರಿ? ಸ್ಕ್ರೂಡ್ರೈವರ್ ಹುಡುಕ್ಲಿಕತ್ತಿದ್ದೆ."

ಸರಿ. ಸ್ಕ್ರೂಡ್ರೈವರ್ ಸಿಕ್ಕಿತು. ಕ್ಯಾಬಿನೆಟ್ ಬಿಚ್ಚಿ ಧೂಳು ಊದಿದಳು. ಹಾರ್ಡ್ ಡಿಸ್ಕಿನ ಕೇಬಲ್ ಬದಲಿಸಿದಳು. ಸೆಟ್ಟಿಂಗ್ಸ್ ಪುಟದಲ್ಲಿ ಡಿಸ್ಕಿನ ಹೆಸರು ಮೂಡಿತು. ಆಕೆಗೆ ಹೋದ ಜೀವ ಬಂದಂತಾಯಿತು, ಆದರೆ ವಿಂಡೋಸ್ ಮಾತ್ರ ಅರ್ಧಕ್ಕೇ ಬಂದು ನಿಂತು, "ರಿಪೇರಿ ಮಾಡಲೇ?" ಎಂದು ವಿನಯದಿಂದ ಕೇಳಿತು.

ಕಂಪ್ಯೂಟರ್ ಅಂಗಡಿಯ ಗೆಳೆಯ ಸಮೀರ ಫೋನಿನಲ್ಲೇ ಕಿರುಚಿದ: "ದೀದಿ, ರಿಪೇರ್ ಮತ್ ದಬಾನಾ!" ಒತ್ತಬೇಡ ಅಂತ.

"ದಬಾಯಾ ನಹೀಂ. ಪತಾ ಹೈ ಮುಝೆ," ಒತ್ತಿಲ್ಲ, ಅಷ್ಟು ಗೊತ್ತು ಅಂದಳು ಅಶ್ವಿನಿ. ಸಾಯುತ್ತಿರುವ ಡಿಸ್ಕಿನ ಮೇಲೆ ಏನನ್ನಾದರೂ ಬರೆಯಹೋದರೆ ಇದ್ದದ್ದೂ ಹೋಗುತ್ತದೆ. ಅದಕ್ಕೇ ಅವನು ಒಂದು ಖಾಲಿ ಡಿಸ್ಕ್ ತಂದುಕೊಟ್ಟ, ಅವಳು ಇನ್ನೊಂದು ಪೆನ್‌ಡ್ರೈವ್‌ನಿಂದ ವಿಂಡೋಸಿನ ಬದಲು ಲಿನಕ್ಸ್ ಏಳಿಸಿದಳು. ಹಳೆಯದರಲ್ಲಿ ಇದ್ದದ್ದನ್ನು ಇದ್ದ ಹಾಗೇ ಹೊಸದಕ್ಕೆ ಇಳಿಸುವುದು. ಕೆಟ್ಟ ಜಾಗ ಸಿಕ್ಕರೆ ಹಾರಿ ಮುಂದೆ ಹೋಗಿ, ಕೊನೆಗೆ ವಾಪಸು ಬಂದು ಮತ್ತೆ ಮತ್ತೆ ಕೇಳುವುದು. ಡಿಸ್ಕ್ ಬಿಸಿಯಾಗತೊಡಗಿತು. ಟೇಬಲ್ ಫ್ಯಾನ್ ತಂದು ಅದರ ಮುಖಕ್ಕೆ ಹಿಡಿದಳು.

ಈಗ ಕರೆಂಟು ಹೋಗಬೇಕು. ಕಥೆಗೆ ಒಂದಿಷ್ಟು ಬಿಗಿ ಬೇಕಲ್ಲ?

"ಲೈಟ್ ತೆಗೆದ್ರ ನೋಡ್ರಿ," ಅಂದಳು ಅಶ್ವಿನಿ. "ನಿಮ್ಮ ಕಥಿಗೆ ಟೆನ್ಶನ್ ಬೇಕಂತ ನಮ್ಮ ಮಾಮಾನ್ನ ಎರಡನೇ ಸಲ ಮೂಕ ಮಾಡ್ತೀರೇನು?"

ತೆಗೆಯಲಿಲ್ಲ. ಕರೆಂಟು ಇತ್ತು. ಮಧ್ಯಾಹ್ನವೆಲ್ಲ ಆಕೆ ಊಟ ಬಿಟ್ಟು ಪರದೆಯ ಮೇಲಿನ ಪಟ್ಟಿ ಇಷ್ಟಿಷ್ಟೇ ತೆವಳುವುದನ್ನು ನೋಡುತ್ತ ಕೂತಳು. ಸಂಜೆ ಹೊಸ ಡಿಸ್ಕಿನಿಂದ ಮೊದಲ ಫೈಲ್ ತೆರೆದಳು. ರಜಾಯಿ ಹೊದ್ದ ಕೋಣೆಯಲ್ಲಿ ವಿಶ್ವನಾಥಪ್ಪ ಗುಡುಗಿದರು:

"ಯಾರ್ರಿ ಅದು, ನನ್ನ ಮನಿಯಾಗ ಮೊಳಿ ಹೊಡಿಯೋರು!"

ಅಶ್ವಿನಿ ಕುಣಿದುಬಿಟ್ಟಳು. ಇದನ್ನು ಬರೆಯಲು ಆಕೆಯ ಅನುಮತಿಯಿದೆ.

೪

ಇಲ್ಲಿಗೇ ಮುಗಿಸಬಹುದಿತ್ತು. ದನಿ ಸಿಕ್ಕಿತು, ಚಪ್ಪಾಳೆ, ಪರದೆ. ಆದರೆ ಕೊನೆಯ ದೃಶ್ಯದ ಫೈಲ್ ಅರ್ಧವೇ ಬಂದಿತ್ತು. ಎಷ್ಟು ಸಲ ಕೇಳಿದರೂ ಡಿಸ್ಕ್ ಅದರಾಚೆ ಏನೂ ಕೊಡಲಿಲ್ಲ.

ನಾಟಕದಲ್ಲಿ ವಿಶ್ವನಾಥಪ್ಪ ಸಿಡುಕಿನ ಮನೆಮಾಲೀಕ. ಬಾಡಿಗೆಗಿದ್ದ ಹೆಂಗಸು (ಆ ಪಾತ್ರ ಮಾಡುವವರು ನಾಸಿಕ್‌ನಲ್ಲಿ ಖಾನಾವಳಿ ನಡೆಸುವ ಉಡುಪಿ ಕಡೆಯ ಸುಗುಣಾ) ಕೊನೆಗೆ ಟ್ರಂಕು ಹಿಡಿದು ಹೊರಡುತ್ತಾಳೆ. ಮಾಲೀಕ ಹೇಳಬೇಕು: "ಹೋಗ್ರಿ, ಆದ್ರ ಕೀಲಿ ನಿಮ್ಮ ಹಂತೇಕನ ಇರ್ಲಿ." ಡಿಸ್ಕಿನಲ್ಲಿ ಉಳಿದದ್ದು "ಹೋಗ್ರಿ, ಆದ್ರ" ಅಷ್ಟೇ.

ಸಮೀರ ಪರಿಹಾರ ಸೂಚಿಸಿದ: ಇಷ್ಟು ದನಿ ಸಿಕ್ಕಿದೆ, ಉಳಿದದ್ದನ್ನು ಎಐ ಅದೇ ದನಿಯಲ್ಲಿ ಮಾತಾಡುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ನನಗೆ ಒಳ್ಳೆಯ ಉಪಾಯ ಅನ್ನಿಸಿತು. (ನನ್ನ ಸಾಲು ಉಳಿಯುತ್ತದಲ್ಲ!) ವಿಶ್ವನಾಥಪ್ಪನವರಿಗೆ ಬರೆದೆ. ಬಹಳ ಹೊತ್ತು "ಟೈಪಿಂಗ್" ಎಂದು ತೋರಿಸುತ್ತಲೇ ಇತ್ತು. ಆಮೇಲೆ:

"ನಾ ಆಡದ ಮಾತು ನನ್ನ ದನಿ ಆಡಬಾರದು. ಇದ್ದಷ್ಟು ಹಚ್ಚರಿ. ಮುಂದಿಂದು ನಾ ನೋಡ್ಕೋತೀನಿ."

ವಾದಿಸಿದೆ. ಲೇಖಕ ನಾನು ಅಂದೆ. ಅವರು ಹೆಬ್ಬೆರಳಿನ ಚಿತ್ರ ಕಳಿಸಿದರು, ಕೆಳಮುಖದ್ದು.

ಭಾನುವಾರ

(ನಂಬರು ಹಾಕುವುದು ಬೇಸರವಾಯಿತು.)

ಅಶ್ವಿನಿ ಹೊಸ ಡಿಸ್ಕ್ ಹಿಡಿದು ಬೆಳಿಗ್ಗೆಯೇ ನಾಸಿಕ್‌ಗೆ ಬಂದಿಳಿದಳು. ಸಂಜೆ ಸಭಾಂಗಣ ತುಂಬಿತ್ತು. ಆಪರೇಶನ್ ವಿಷಯ ಗೊತ್ತಿದ್ದವರು ಅನುಕಂಪದ ಮುಖ ಹೊತ್ತು ಬಂದಿದ್ದರು. ಮೊದಲ ಗುಡುಗಿಗೇ ಆ ಮುಖಗಳು ಉದುರಿದವು. ಕತ್ತಿಗೆ ಮಫ್ಲರ್ ಸುತ್ತಿದ ವಿಶ್ವನಾಥಪ್ಪ ತಮ್ಮದೇ ದನಿಯ ಮೇಲೆ ಸವಾರಿ ಮಾಡುತ್ತಿದ್ದರು. ಕನ್ನಡ ಅರ್ಥವಾದರೂ ಆಡಲು ಬಾರದ ನಾಸಿಕ್‌ನ ನಮ್ಮ ಮಕ್ಕಳು ಕೂಡ ಬಿದ್ದುಬಿದ್ದು ನಕ್ಕರು.

ಕೊನೆಯ ದೃಶ್ಯ. ಸುಗುಣಾ ಟ್ರಂಕು ಎತ್ತಿದರು. "ಹೋಗ್ರಿ, ಆದ್ರ" ಎಂದಿತು ಸ್ಪೀಕರು. ನಿಂತಿತು. ಸೌಂಡ್ ಮೇಜಿನ ಹಿಂದೆ ಅಶ್ವಿನಿ ಕೈಕಟ್ಟಿ ಕೂತಿದ್ದಳು.

ವಿಶ್ವನಾಥಪ್ಪನವರ ತುಟಿ ಮಾತ್ರ ನಿಲ್ಲಲಿಲ್ಲ. ದನಿಯಿಲ್ಲದೆ ಹೇಳುತ್ತಲೇ ಹೋದರು. ನನ್ನ ಸಾಲು ಯಾವಾಗಲೋ ಮುಗಿದುಹೋಗಿತ್ತು, ಅವರದು ಮುಗಿದಿರಲಿಲ್ಲ. ಗದರಿದರು, ನಕ್ಕರು, ಮಾಳಿಗೆಯತ್ತ ಕೈ ತೋರಿದರು, ಎದೆ ಮುಟ್ಟಿಕೊಂಡರು. ಎಲ್ಲೋ ಹಿಂದಿನಿಂದ ಒಬ್ಬರು ಸಣ್ಣಗೆ ನಕ್ಕರು, ಆಮೇಲೆ ಎಲ್ಲರೂ, ಆಮೇಲೆ ಯಾರೂ ನಗಲಿಲ್ಲ. ನಿರ್ಗಮಿಸಬೇಕಾಗಿದ್ದ ಸುಗುಣಾ ಟ್ರಂಕು ಕೆಳಗಿಟ್ಟು ಅದರ ಮೇಲೆ ಕೂತುಬಿಟ್ಟರು. ಸ್ಕ್ರಿಪ್ಟಿನಲ್ಲಿ ಹಾಗಿಲ್ಲ. ಚಪ್ಪಾಳೆಯ ಗದ್ದಲದಲ್ಲಿ ಪರದೆಯವನು ಎಳೆಯುವುದನ್ನೇ ಮರೆತ.

ಹೊರಗೆ ಜಗಳ, ಅವರು ಕೊನೆಗೆ ಅಂದದ್ದೇನು ಎಂದು. "ಎಲ್ಲಿಗೆ ಹೋಗ್ತೀರಿ, ಮೊದಲು ಚಾ ಕುಡೀರಿ ಅಂದ್ರು, ಅದಕ್ಕೇ ಕೂತೆ," ಅಂದರು ಸುಗುಣಾ. "ಶಿವ್ಯಾ ದೇತ್ ಹೋತೆ," ಬೈಯುತ್ತಿದ್ದರು ಅಂತ ಹೇಳಿದಳೊಬ್ಬ ಹುಡುಗಿ ಮರಾಠಿಯಲ್ಲಿ. ನಡುವೆ ತನ್ನ ಹೆಸರು ತಗೊಂಡ್ರು ಅಂತ ಅಶ್ವಿನಿ ಪ್ರಮಾಣ ಮಾಡಿದಳು.

ಕಥೆ ಮುಗಿಸಲು ನನಗೆ ಆ ಮಾತು ಬೇಕೇ ಬೇಕು. ಹಾರ ಹಾಕಿಸಿಕೊಂಡು ನಿಂತಿದ್ದ ವಿಶ್ವನಾಥಪ್ಪನವರ ಹತ್ತಿರ ಹೋಗಿ ಕೇಳಿದೆ: "ಕೊನೀಗೆ ಏನಂದ್ರಿ?"

ಅವರು ಫೋನ್ ತೆಗೆದು, ನಿಧಾನವಾಗಿ ಟೈಪು ಮಾಡಿ, ನನ್ನ ಮುಖದ ಮುಂದೆ ಹಿಡಿದರು.

"ನಿನಗ ಏನ್ ಕೇಳಿಸ್ತು?"