ಏಳನೆಯ ಮನೆಯ ನೂಲಿನ ಮರಿಗಳು

ವಿದ್ಯಾನಗರದ ಕ್ಲರ್ಕ್ ಮೇಡಂ ಮಗಳ ಹುಟ್ಟುಹಬ್ಬಕ್ಕೆ ನೂಲಿನ ಹತ್ತು ಬೆಕ್ಕಿನ ಮರಿ ಮಾಡಿಕೊಡಲು ಹೇಳಿದ್ದರು. ನನ್ನ ಹೆಂಡತಿ ದೀಪಶ್ರೀ ಹದಿನೈದು ದಿನ ಕ್ರೋಶಾ ಕಡ್ಡಿ ಹಿಡಿದು, ಮಣಿಕಟ್ಟು ಊದಿಸಿಕೊಂಡು ಹೆಣೆದಳು. ಕೊಡುವ ಹಿಂದಿನ ದಿನ ನೋಡಿದರೆ ಬುಟ್ಟಿ ಖಾಲಿ.

ಈ ಸಲ ಮರಿ ಹಾಕದ ನಮ್ಮ ಬೆಕ್ಕು ಕಿನ್ನಿ ಒಂದೊಂದನ್ನೇ ಕತ್ತು ಕಚ್ಚಿ ಸಾಗಿಸಿತ್ತು. ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಎನ್ನುತ್ತಾರಲ್ಲ, ಹಾಗಾಗಿ ನಾನು ನೇರ ಏಳನೆಯ ಮನೆಯ ಅಟ್ಟ ಹತ್ತಿದೆ. ಹತ್ತೂ ಅಲ್ಲಿದ್ದವು. ಕಿನ್ನಿ ಹಾಲೂಡಿಸುತ್ತಿತ್ತು. ಎರಡು ಮರಿ ಸ್ವಲ್ಪ ದಪ್ಪವೂ ಆಗಿದ್ದವು. ಕೈ ಹಾಕಿದ್ದಕ್ಕೆ ಕಿನ್ನಿ ಪರಚಿತು. ಬರಿಗೈಯಲ್ಲಿ ಮನೆಗೆ ಬಂದೆ.

"ಎಂತ, ಸಿಕ್ಕಿತಾ?" ದೀಪಶ್ರೀ ಕೇಳಿದಳು.

"ಉಂಟು. ತಾಯಿ ಬಿಡುವುದಿಲ್ಲ."

"ತಾಯಿಯಂತೆ. ಹೆಣೆದದ್ದು ನಾನು." ಅವಳು ಗೋಡೆಗೊರಗಿ ಕಣ್ಣು ಮುಚ್ಚಿದಳು.

ಅಷ್ಟರಲ್ಲಿ ಕಿನ್ನಿ ಬಂದು ಅವಳನ್ನು ಮೂಸಿತು. ಅವಳಿಗೂ ನೂಲಿನದೇ ವಾಸನೆ. ರವಿಕೆಯ ಕತ್ತು ಕಚ್ಚಿ ಬಾಗಿಲ ಕಡೆ ಎಳೆಯಿತು. ಒಂದು ಮೊಳ ಜರುಗಿದಳು. ನಾನು ಬಿಡಿಸಲು ಹೋದೆ.

"ಬಿಡಿ ಮಾರಾಯ್ರೆ, ಕೊಂಡುಹೋಗಲಿ," ಅವಳು ಕಣ್ಣು ತೆರೆಯದೆ ಹೇಳಿದಳು. "ಅಲ್ಲಿಯಾದ್ರೂ ಮಲಗ್ತೇನೆ."

ಮರಿಗಳು ಹಾಲು ಬಿಟ್ಟ ಮೇಲೆ ಕೊಡುತ್ತೇವೆಂದು ನಾನು ಕ್ಲರ್ಕ್ ಮೇಡಂಗೆ ಫೋನು ಮಾಡಿದೆ.